ಐವತ್ತು ಕೆಬಿಯೊಳಗೊಂದು ಮುಖ

ಅರ್ಜಿಗೆ ಕುಗ್ಗಿಸು, ಫ್ಲೆಕ್ಸಿಗೆ ಹಿಗ್ಗಿಸು! ಔರಾದ್, ಭಾಲ್ಕಿ, ಬೀದರ್‌ನ ಸಣ್ಣ ಅಂಗಡಿಗಳಲ್ಲಿ ದಿನವಿಡೀ ಮುಖಗಳ ಅಳತೆ ಬದಲಾಗುತ್ತಿರುತ್ತದೆ. ಆ ಕೆಲಸದ ಹಿಂದೆ ಬೆಂಗಳೂರಲ್ಲಿ ಹುಟ್ಟಿದ ಒಬ್ಬರ ಗಣಿತವಿದೆ, ನಮ್ಮ ಕಣ್ಣಿನ ಮಿತಿಯಿದೆ, ಸರ್ವರ್‌ಗಳ ಸೋಮಾರಿತನವೂ ಇದೆ.

ಮಿರಗದ ಮೊದಲ ಮಳೆ ಬಿದ್ದಿತೆಂದರೆ ಔರಾದ್‌ನಲ್ಲಿ ಎರಡು ಕಡೆ ಪಾಳಿ ಹಚ್ಚುತ್ತಾರೆ. ರೈತ ಸಂಪರ್ಕ ಕೇಂದ್ರದ ಮುಂದೆ ಅಪ್ಪಂದಿರು, ಸೋಯಾ ಬೀಜಕ್ಕೆ. ಆನ್‌ಲೈನ್ ಅಂಗಡಿಯ ಮುಂದೆ ಮಕ್ಕಳು, ಬ್ಯಾಂಕ್ ಪರೀಕ್ಷೆಯ ಅರ್ಜಿಗೆ.

ಸಂಜೆ ಆರೂವರೆ. ಕರೆಂಟು ಹೋಗಿ ಈಗಷ್ಟೇ ಬಂದಿದೆ. ಅರ್ಜಿ ಮುಚ್ಚುವುದು ಇವತ್ತೇ ರಾತ್ರಿ.

‘ಅಣ್ಣಾ, ಫೋಟೋ ಅಪ್‌ಲೋಡ್ ಆಗವಲ್ದು.’

‘ಎಷ್ಟದ ನೋಡವ್ವಾ?’

‘ನಾಲ್ಕು ಎಂಬಿ.’

‘ಐವತ್ತು ಕೆಬಿ ಒಳಗ ಇರಬೇಕು. ತಡಿ, ಕಮ್ಮಿ ಮಾಡ್ತೀನಿ.’

ಕಮ್ಮಿ ಮಾಡಿದ. ಪರದೆಯ ಮೇಲೆ ಮತ್ತೆ ಕೆಂಪಕ್ಷರ. ಫೋಟೋ ಈಗ ಹದಿನಾಲ್ಕು ಕೆಬಿಗೆ ಇಳಿದಿದೆ, ಇಪ್ಪತ್ತಕ್ಕಿಂತ ಕಡಿಮೆ ಇರುವಂತಿಲ್ಲ. ‘ಈಗ ಕೆಬಿ ಕಮ್ಮಿ ಬಿದ್ದಾವ, ಹೆಚ್ಚು ಮಾಡಬೇಕು’ ಎಂದು ಅಂಗಡಿಯವ ಮತ್ತೆ ಮೌಸ್ ಹಿಡಿಯುತ್ತಾನೆ. ಝೆರಾಕ್ಸಿಗೆ ಪಹಣಿ ಹಿಡಿದು ನಿಂತ ಹಿರಿಯರೊಬ್ಬರಿಗೆ ತಾಳ್ಮೆ ಮುಗಿದಿದೆ. ‘ಏ ತಮ್ಮಾ, ಕೆಬಿ ಅಂದ್ರ ಏನೋ? ಕ್ವಿಂಟಲ್ ಇದ್ದಂಗೇನು?’

ಅಂಗಡಿಯವನ ಬಳಿ ಅದಕ್ಕೆ ಉತ್ತರವಿಲ್ಲ. ಅವನ ಬಳಿ ಇರುವುದು ಕೈಚಳಕ. ಕರ್ನಾಟಕದ ಈ ತುತ್ತತುದಿಯ ತಾಲ್ಲೂಕಿನಲ್ಲಿ, ಒಂದು ಕಡೆ ಮಹಾರಾಷ್ಟ್ರ ಇನ್ನೊಂದು ಕಡೆ ತೆಲಂಗಾಣ ಇಟ್ಟುಕೊಂಡು, ಅವನು ಮಾಡುವ ಕೆಲಸಕ್ಕೆ ಜನ ಇಟ್ಟ ಹೆಸರು ಇಷ್ಟೇ: ‘ಸೈಜ್ ಮಾಡಿ ಕೊಡ್ರಿ.’

ಒಂದು ಕೋಟಿ ಇಪ್ಪತ್ತು ಲಕ್ಷದಿಂದ ನಲವತ್ತಾರು ಸಾವಿರಕ್ಕೆ

ಸೈಜ್ ಮಾಡುವುದೆಂದರೆ ಒಂದಲ್ಲ, ಎರಡು ಕೆಲಸ. ಎರಡೂ ಒಂದೇ ಎಂದು ತಿಳಿದದ್ದರಿಂದಲೇ ಹದಿನಾಲ್ಕು ಕೆಬಿಯ ಎಡವಟ್ಟು ಆಗುವುದು.

ಮೊದಲನೆಯದು ಪಿಕ್ಸೆಲ್‌ಗಳ ಲೆಕ್ಕ. ಸಾಮಾನ್ಯ 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೋ 4000 ಪಿಕ್ಸೆಲ್ ಉದ್ದ, 3000 ಪಿಕ್ಸೆಲ್ ಅಗಲ. ಗುಣಿಸಿದರೆ 1.2 ಕೋಟಿ ಚುಕ್ಕಿಗಳು. ಐಬಿಪಿಎಸ್‌ನ ಬ್ಯಾಂಕ್ ಅರ್ಜಿ ಕೇಳುವುದು 200 ಅಗಲ, 230 ಎತ್ತರ, ಅಂದರೆ 46,000 ಚುಕ್ಕಿ. ಮೊಬೈಲ್ ಹಿಡಿದ ಪ್ರತಿ 260 ಚುಕ್ಕಿಯಲ್ಲಿ ಒಂದು ಉಳಿಯುತ್ತದೆ, ಮಿಕ್ಕಿದ್ದು ಹೋಗುತ್ತದೆ.

1957ರಲ್ಲಿ, ಅಂದರೆ ಬೀದರ್ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಅಮೆರಿಕದ ರಸೆಲ್ ಕಿರ್ಶ್ ತನ್ನ ಮೂರು ತಿಂಗಳ ಕೂಸಿನ ಫೋಟೋವನ್ನು ಕಂಪ್ಯೂಟರಿಗೆ ಸ್ಕ್ಯಾನ್ ಮಾಡಿದ. ಜಗತ್ತಿನ ಮೊದಲ ಸ್ಕ್ಯಾನ್ ಮಾಡಿದ ಚಿತ್ರವದು. ಅಳತೆ 176×176. ಇಷ್ಟು ವರ್ಷಗಳ ನಂತರ ಅರ್ಜಿ ನಮ್ಮಿಂದ ಕೇಳುತ್ತಿರುವುದು ಆ ಕೂಸಿನ ಫೋಟೋದ ಒಂದೂವರೆ ಪಟ್ಟು, ಅಷ್ಟೇ.

ಇಲ್ಲಿ ಇನ್ನೊಂದು ಕೊಕ್ಕೆಯಿದೆ. ಸ್ಟುಡಿಯೋದಲ್ಲಿ ತೆಗೆಸಿದ ಪಾಸ್‌ಪೋರ್ಟ್ ಫೋಟೋ 3.5 ಸೆಂ.ಮೀ. ಅಗಲ, 4.5 ಸೆಂ.ಮೀ. ಎತ್ತರ. ಅದರ ಮತ್ತು 200×230ರ ಪ್ರಮಾಣ ಹೊಂದುವುದಿಲ್ಲ. ಕತ್ತರಿಸದೆ ಹಾಗೇ ಎಳೆದು ಕೂರಿಸಿದರೆ ಮುಖ ಶೇ 12ರಷ್ಟು ಅಗಲವಾಗುತ್ತದೆ. ಪ್ರವೇಶಪತ್ರದಲ್ಲಿ ಗಲ್ಲ ಉಬ್ಬಿದ ಮಕ್ಕಳನ್ನು ಕಂಡು ಮನೆಯವರು ನಗುವುದು ಇದಕ್ಕೇ. ಮೊದಲು ಕ್ರಾಪ್, ಆಮೇಲೆ ರಿಸೈಜ್. ಈ ಕ್ರಮ ತಪ್ಪಬಾರದು.

ಎರಡನೆಯ ಕೆಲಸ ಕಂಪ್ರೆಶನ್. ಪಿಕ್ಸೆಲ್ ಎಷ್ಟಿದೆಯೋ ಅಷ್ಟೇ ಇರುತ್ತದೆ, ಅದನ್ನು ಬರೆದಿಡುವ ಬಗೆ ಬದಲಾಗುತ್ತದೆ. 46,000 ಪಿಕ್ಸೆಲ್‌ಗೆ ತಲಾ ಮೂರು ಬೈಟ್ ಎಂದರೆ 1,38,000 ಬೈಟ್. ಅದು ಐವತ್ತು ಕೆಬಿಯೊಳಗೆ ಹೇಗೆ ಹಿಡಿಸುತ್ತದೆ? ಉತ್ತರ ಹುಡುಕಿದರೆ ದಾರಿ ಬೆಂಗಳೂರಿಗೆ ಹೋಗುತ್ತದೆ.

‘ಇಷ್ಟು ಸುಲಭವೇ?’ ಎಂದು ತಿರಸ್ಕೃತವಾದ ಗಣಿತ

ನಾಸಿರ್ ಅಹಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಈಗ ಯುವಿಸಿಇ ಎಂದು ಎಲ್ಲರೂ ಕರೆಯುವ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಬಿಇ ಮುಗಿಸಿ ಅಮೆರಿಕಕ್ಕೆ ಹೋದರು. ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದಲ್ಲಿ 1966ರಲ್ಲಿ ಪಿಎಚ್.ಡಿ., ಆಮೇಲೆ ಕ್ಯಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪನ.

1972ರಲ್ಲಿ ಅವರಿಗೊಂದು ಹೊಳಹು ಬಂತು. ಚಿತ್ರದ ಮಾಹಿತಿಯನ್ನು ಕೊಸೈನ್ ಅಲೆಗಳ ಮೊತ್ತವಾಗಿ ಬರೆದರೆ, ಅದರ ಬಹುಪಾಲು ಸಾರ ಬೆರಳೆಣಿಕೆಯ ಅಂಕಿಗಳಲ್ಲೇ ಕೂಡಿಬೀಳುತ್ತದಲ್ಲವೇ? ಸಂಶೋಧನೆಗೆ ಹಣ ಕೋರಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ಗೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ವಿಮರ್ಶಕರೊಬ್ಬರ ಆಕ್ಷೇಪ, ವಿಚಾರ ತೀರಾ ಸರಳವಾಯಿತೆಂಬುದು. ಅಳತೆಗೆ ಹೊಂದಲಿಲ್ಲವೆಂದು ಫೋಟೋ ತಿರಸ್ಕರಿಸುವ ಅರ್ಜಿಗಳ ಜಗತ್ತಿಗೆ ಆಧಾರವಾದ ಗಣಿತವೇ ಒಮ್ಮೆ ಅರ್ಜಿಯಲ್ಲಿ ತಿರಸ್ಕೃತವಾಗಿತ್ತು!

ಅಹಮದ್ ಬಿಡಲಿಲ್ಲ. ವಿದ್ಯಾರ್ಥಿ ಟಿ. ನಟರಾಜನ್, ಟೆಕ್ಸಾಸ್‌ನಲ್ಲಿದ್ದ ಗೆಳೆಯ ಕೆ.ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪುಟ್ಟ ಪ್ರಬಂಧವೊಂದನ್ನು ಪ್ರಕಟಿಸಿದರು. ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಅದರ ಹೆಸರು. ಮೂವರೂ ಭಾರತ ಮೂಲದವರು. 1992ರಲ್ಲಿ ಫೋಟೋ ಉಳಿಸುವ ಜೆಪೆಗ್ ಮಾನದಂಡ ಬಂದಾಗ ಅದರ ನಡುಮನೆಯಲ್ಲಿ ಕೂತಿದ್ದು ಇದೇ ಗಣಿತ. ವಿಡಿಯೋ ಕಾಲ್‌ನಲ್ಲಿ ದುಬೈನ ಮಗನ ಮುಖ ಬೀದರ್‌ನ ತಾಯಿಗೆ ಕಾಣುವುದೂ ಇದರ ಕೃಪೆಯಿಂದ.

ಕೆಲಸ ಮಾಡುವ ಬಗೆ ಹೀಗೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ನ ಚೌಕಗಳಾಗಿ ಕತ್ತರಿಸುತ್ತದೆ. ಪ್ರತಿ ಚೌಕದ 64 ಪಿಕ್ಸೆಲ್‌ಗಳನ್ನು 64 ಅಲೆಗಳ ಅಂಕಿಗಳಾಗಿ ಬದಲಿಸುತ್ತದೆ. ಮೊದಲ ಕೆಲವು ಅಂಕಿಗಳಲ್ಲಿ ಚೌಕದ ಒಟ್ಟು ಬೆಳಕು, ದೊಡ್ಡ ಏರಿಳಿತ. ಕೊನೆಯವುಗಳಲ್ಲಿ ಕೂದಲೆಳೆಯಂಥ ಸೂಕ್ಷ್ಮ. ಆ ಸೂಕ್ಷ್ಮಗಳನ್ನು ನಮ್ಮ ಕಣ್ಣು ಅಷ್ಟಾಗಿ ಗಮನಿಸುವುದಿಲ್ಲ. ಹಾಗಾಗಿ ಅವನ್ನು ಸೊನ್ನೆ ಮಾಡಿ ಕೈಬಿಡುತ್ತದೆ. ‘ಕ್ವಾಲಿಟಿ’ ಎಂಬ ಜಾರುಪಟ್ಟಿಯನ್ನು 90ರಿಂದ 40ಕ್ಕೆ ಎಳೆದಾಗ ನಡೆಯುವುದು ಇದೇ, ಕೈಬಿಡುವ ಅಂಕಿಗಳು ಹೆಚ್ಚಾಗುತ್ತವೆ.

ಬಣ್ಣದಲ್ಲಂತೂ ಜೆಪೆಗ್ ಇನ್ನೂ ಕಂಜೂಸು. ಕಣ್ಣಿಗೆ ಬೆಳಕಿನ ಅಂಚು ತಿಳಿದಷ್ಟು ಬಣ್ಣದ ಅಂಚು ತಿಳಿಯುವುದಿಲ್ಲ. ಆದ್ದರಿಂದ ಬಣ್ಣದ ಮಾಹಿತಿಯನ್ನು ಬಹಳಷ್ಟು ಸಲ ಕಾಲು ಭಾಗಕ್ಕೆ ಇಳಿಸಿಬಿಡುತ್ತದೆ. ಕುಗ್ಗಿಸಿದ ಫೋಟೋದಲ್ಲಿ ಹಣೆಯ ಕುಂಕುಮದ ಅಂಚು ಕಲಸಿದಂತೆ ಕಾಣುವುದು ಇದಕ್ಕೇ. ಹಾಗಿದ್ದರೂ ಮುಖ ಮುಖವಾಗಿಯೇ ಉಳಿಯುತ್ತದೆ. ಚರ್ಮದಲ್ಲಿ ನಯವಾದ ಏರಿಳಿತವೇ ಜಾಸ್ತಿ, ಅಲ್ಲಿ ಸೊನ್ನೆಗೆ ಹೋಗುವ ಅಂಕಿಗಳೂ ಜಾಸ್ತಿ.

ಅಕ್ಷರಗಳ ಕಥೆ ಬೇರೆ. ಕಪ್ಪು-ಬಿಳುಪಿನ ಚೂಪು ಅಂಚು ಜೆಪೆಗ್‌ಗೆ ಆಗಿಬರುವುದಿಲ್ಲ. ಅಂಕಪಟ್ಟಿಯನ್ನು ಬಣ್ಣದಲ್ಲಿ ಫೋಟೋ ತೆಗೆದು ನೂರು ಕೆಬಿಗೆ ಜಜ್ಜಿದರೆ ಒತ್ತಕ್ಷರಗಳ ಸುತ್ತ ಧೂಳು ಹಾರಿದಂತಾಗುತ್ತದೆ. ಬಣ್ಣ ತೆಗೆದು ಗ್ರೇಸ್ಕೇಲ್ ಮಾಡಿ, ಅಳತೆಯನ್ನು 150 ಡಿಪಿಐಗೆ, ಅಂದರೆ ಇಂಚಿಗೆ 150 ಚುಕ್ಕಿಗೆ ಇಳಿಸಿದರೆ ಅದೇ ನೂರು ಕೆಬಿಯಲ್ಲಿ ಓದುವಂಥ ಪ್ರತಿ ಸಿಗುತ್ತದೆ.

> ಯಾರು ಎಷ್ಟು ಕೇಳುತ್ತಾರೆ?
>
> ಐಬಿಪಿಎಸ್ ಬ್ಯಾಂಕ್ ಪರೀಕ್ಷೆ: ಫೋಟೋ 200×230 ಪಿಕ್ಸೆಲ್, 20–50 ಕೆಬಿ. ಸಹಿ 140×60, 10–20 ಕೆಬಿ. ಹೆಬ್ಬೆಟ್ಟು 240×240, 20–50 ಕೆಬಿ. ಕೈಬರಹದ ಘೋಷಣೆ 800×400, 50–100 ಕೆಬಿ.
>
> ನೀಟ್: ಈಚಿನ ವರ್ಷಗಳಲ್ಲಿ ಪಾಸ್‌ಪೋರ್ಟ್ ಸೈಜಿನ ಜೊತೆ 4×6 ಇಂಚಿನ ಪೋಸ್ಟ್‌ಕಾರ್ಡ್ ಸೈಜೂ ಕೇಳಿದ್ದುಂಟು. ಬಿಳಿ ಹಿನ್ನೆಲೆ, ಶೇ 80 ಮುಖ, ಕಿವಿ ಕಾಣಬೇಕು.
>
> ಅಮೆರಿಕ ವೀಸಾ: ಚೌಕಾಕಾರ. 600×600ರಿಂದ 1200×1200, 240 ಕೆಬಿ ಮೀರುವಂತಿಲ್ಲ.
>
> ನಿಯಮಗಳು ವರ್ಷವರ್ಷ ಬದಲಾಗುತ್ತವೆ. ಕಳೆದ ಸಲದ ಫೈಲನ್ನೇ ಹಾಕುವ ಮುನ್ನ ಅಧಿಸೂಚನೆ ನೋಡಿ.

ಸರ್ವರ್ ಮಾಡಬಹುದಾದ ಕೂಲಿ

ಒಂದು ಪ್ರಶ್ನೆ ಕೇಳಲೇಬೇಕು. ನಾಲ್ಕು ಎಂಬಿ ಫೋಟೋವನ್ನು ಐವತ್ತು ಕೆಬಿಗೆ ಇಳಿಸುವುದು ಸರ್ವರಿಗೆ ಕಣ್ಣು ಮಿಟುಕಿಸುವಷ್ಟರ ಕೆಲಸ. ಅರ್ಜಿಯ ಪುಟವೇ ಫೋಟೋ ತೆಗೆದುಕೊಂಡು, ‘ಮುಖ ಈ ಚೌಕದೊಳಗೆ ಕೂರಿಸಿ’ ಎಂದು ತೋರಿಸಿ, ತಾನೇ ಕುಗ್ಗಿಸಿಕೊಳ್ಳಬಹುದು. ಫೇಸ್‌ಬುಕ್, ವಾಟ್ಸ್‌ಆ್ಯಪ್ ಎಲ್ಲ ಮಾಡುವುದು ಹಾಗೇ. ‘ನಿಮ್ಮ ಫೋಟೋ 51 ಕೆಬಿ ಇದೆ, ಹೋಗಿ ಬನ್ನಿ’ ಎಂದು ಅವು ಯಾರನ್ನೂ ಅಟ್ಟುವುದಿಲ್ಲ.

ಇಂಟರ್‌ನೆಟ್ ತೆವಳುತ್ತಿದ್ದ, ಡಿಸ್ಕ್ ದುಬಾರಿಯಾಗಿದ್ದ ಕಾಲದಲ್ಲಿ ಐವತ್ತು ಕೆಬಿ ಮಿತಿಗೆ ಅರ್ಥವಿತ್ತು. ಇಪ್ಪತ್ತು ಕೆಬಿಯ ಕೆಳಮಿತಿಗೆ ಆಗಲೂ ಅರೆಬರೆ ಅರ್ಥವೇ ಇದ್ದದ್ದು, ತೀರಾ ಮಸುಕು ಚಿತ್ರ ಬಾರದಿರಲೆಂದು. ಆದರೆ ಕೆಬಿ ಹೆಚ್ಚಿದ ಮಾತ್ರಕ್ಕೆ ಚಿತ್ರ ಸ್ಪಷ್ಟವಾಗಬೇಕೆಂದಿಲ್ಲ. ಹದಿನಾಲ್ಕು ಕೆಬಿಯ ಫೈಲನ್ನೇ ತೆರೆದು ಕ್ವಾಲಿಟಿ ನೂರಕ್ಕೆ ಏರಿಸಿ ಉಳಿಸಿದರೆ ಅದು ಇಪ್ಪತ್ತು ದಾಟುತ್ತದೆ, ಕಳೆದುಹೋದ ಒಂದು ರೆಪ್ಪೆಗೂದಲೂ ಮರಳುವುದಿಲ್ಲ. ಮೂಲ ಫೋಟೋಗೆ ಹಿಂದಿರುಗಿ ಕಡಿಮೆ ಜಜ್ಜುವುದೊಂದೇ ಸರಿಯಾದ ದಾರಿ.

ಈ ಕೂಲಿ ಬಿದ್ದಿರುವುದು ಯಾರ ಮೇಲೆ? ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿ ಬೀದರ್‌ನ ಹುಡುಗರಿಗೆ ಸೀಟು, ಹುದ್ದೆಗಳಲ್ಲಿ ಮೀಸಲಾತಿ ಕೊಟ್ಟಿದೆ. ಅದರ ಪ್ರಮಾಣಪತ್ರವನ್ನೂ, ಜಾತಿ-ಆದಾಯ ಪತ್ರವನ್ನೂ, ಅಂಕಪಟ್ಟಿಯನ್ನೂ ಒಂದೊಂದು ಅರ್ಜಿಗೆ ಒಂದೊಂದು ಅಳತೆಗೆ ಒಗ್ಗಿಸಬೇಕು. ಲ್ಯಾಪ್‌ಟಾಪ್ ಇದ್ದ ಮನೆಯವರಿಗೆ ಇದು ಹತ್ತು ನಿಮಿಷದ ರಗಳೆ. ತಾಂಡಾದಿಂದಲೋ ಗಡಿಹಳ್ಳಿಯಿಂದಲೋ ಬಸ್ಸು ಹಿಡಿದು ಬಂದವರಿಗೆ ಒಂದು ದಿನದ ಕೂಲಿ, ಜೊತೆಗೆ ಅಂಗಡಿಯ ಖರ್ಚು.

ಈಚೆಗೆ ಇನ್ನೊಂದು ಗೊಂದಲ ಸೇರಿದೆ. 2017ರಿಂದ ಐಫೋನ್‌ಗಳು ಫೋಟೋವನ್ನು ಎಚ್‌ಇಐಸಿ ಎಂಬ ಬಗೆಯಲ್ಲಿ ಉಳಿಸುತ್ತವೆ. ಅರ್ಜಿಗೆ ಜೆಪೆಗ್ ಬೇಕು. ಜಾಣ ಹುಡುಗರು ಫೈಲಿನ ಹೆಸರಿನ ತುದಿಯನ್ನಷ್ಟೇ ಬದಲಿಸಿ ಜೆಪೆಗ್ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಹೆಸರು ಬದಲಾದರೆ ಒಳಗಿನದು ಬದಲಾದೀತೇ? ಫೈಲನ್ನು ತೆರೆದು, ಹೊಸ ಬಗೆಯಲ್ಲಿ ಉಳಿಸಿದರೆ ಮಾತ್ರ ಅದು ಪರಿವರ್ತನೆ. ಇಲ್ಲದಿದ್ದರೆ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲೇ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿಟ್ಟರೆ ತೊಂದರೆಯೇ ಇಲ್ಲ.

2024ರಿಂದ ಸ್ಟಾಫ್ ಸೆಲೆಕ್ಷನ್ ಕಮಿಷನ್ ಅರ್ಜಿ ತುಂಬುವಾಗಲೇ ಕ್ಯಾಮೆರಾ ತೆರೆದು ಫೋಟೋ ತೆಗೆದುಕೊಳ್ಳತೊಡಗಿದೆ. ನಕಲಿ ಅಭ್ಯರ್ಥಿಗಳನ್ನು ತಡೆಯುವುದು ಅದರ ಉದ್ದೇಶ. ಕೆಬಿಯ ಕಾಟ ತಪ್ಪಿದ್ದು ಪಕ್ಕದ ಲಾಭ.

‘ಇವರು ನಮ್ಮ ಮುತ್ಯಾ ಅಲ್ಲರಿ’

ಭಾಲ್ಕಿಗೆ ಬಂದರೆ ಲೆಕ್ಕ ತಿರುಗುಮುರುಗು. ಇಲ್ಲಿನ ಸ್ಟುಡಿಯೋಗಳಿಗೆ ಲಗ್ನಸರಾಯಿಯ ಬಿಡುವಿನಲ್ಲಿ ಬರುವ ಕೆಲಸ ಹಿಗ್ಗಿಸುವುದು. ತೀರಿಹೋದ ಹಿರಿಯರ ಬೆರಳುದ್ದದ ಫೋಟೋ, ಪಡಿತರ ಚೀಟಿಯ ಮೇಲಿನ ಮಸುಕು ಮುಖ, ಗುಂಪು ಚಿತ್ರದ ಮೂಲೆಯಲ್ಲಿ ರುಮಾಲು ಕಟ್ಟಿ ನಿಂತವರು. ಎಲ್ಲರೂ ಗೋಡೆಯ ಮೇಲೆ ಹಾರ ಹಾಕಿಸಿಕೊಳ್ಳುವಷ್ಟು ದೊಡ್ಡವರಾಗಬೇಕು.

ಕಾಗದದ ಫೋಟೋ ಇದ್ದರೆ ಅದೃಷ್ಟ. ಎರಡು ಇಂಚು ಅಗಲ, ಮೂರು ಇಂಚು ಎತ್ತರದ ಚಿತ್ರವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ 1200×1800 ಪಿಕ್ಸೆಲ್ ಸಿಗುತ್ತದೆ. 4×6 ಇಂಚಿಗೆ 300 ಡಿಪಿಐ ಲೆಕ್ಕದಲ್ಲಿ ಅದು ಸರಿಯಾಗಿ ಸಾಕು. ಗೋಡೆಯ ಚಿತ್ರವನ್ನು ಎರಡು ಹೆಜ್ಜೆ ದೂರದಿಂದ ನೋಡುವುದರಿಂದ 8×12ಕ್ಕೂ ಎಳೆಯಬಹುದು. ಅದನ್ನು ಬಿಟ್ಟು, ಗಾಜಿನ ಮೇಲಿಂದ ಮೊಬೈಲಲ್ಲಿ ಕ್ಲಿಕ್ಕಿಸಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ, ಮುತ್ಯಾನ ಹಣೆಯ ಮೇಲೆ ಟ್ಯೂಬ್‌ಲೈಟೂ ಬಂದಿರುತ್ತದೆ.

ಈಗ ಎಐ ಆ್ಯಪ್‌ಗಳು ಬಂದಿವೆ. ಒಂದು ಗುಂಡಿ ಒತ್ತಿದರೆ ಮಸುಕು ಮುಖ ಫಳಫಳ. ಆದರೆ ಇಲ್ಲದ ಪಿಕ್ಸೆಲ್ ಎಲ್ಲಿಂದ ಬಂತು? ಆ ಯಂತ್ರ ಲಕ್ಷಾಂತರ ಬೇರೆ ಮುಖಗಳನ್ನು ನೋಡಿ ಕಲಿತದ್ದು. ನಿಮ್ಮ ಮುತ್ಯಾನ ರೆಪ್ಪೆ, ಹಲ್ಲು, ಕಣ್ಣಿನ ಹೊಳಪು ಹೀಗಿದ್ದಿರಬಹುದೆಂದು ಊಹಿಸಿ ಬರೆಯುತ್ತದೆ. ಚಿತ್ರ ನೋಡಿದ ಮೊಮ್ಮಕ್ಕಳಿಗೆ ಖುಷಿ. ಹಿರಿಯ ಮೊಮ್ಮಗಳು ಮಾತ್ರ ತಡೆದು ಹೇಳುತ್ತಾಳೆ: ‘ಫೋಟೋ ಛಲೋ ಆಗ್ಯಾದ. ಆದರ ಇವರು ನಮ್ಮ ಮುತ್ಯಾ ಅಲ್ಲರಿ.’ ಅರ್ಜಿಗೆ ಕುಗ್ಗಿಸಿದಾಗ ಮುಖ ಕಳೆದುಕೊಳ್ಳುವುದು ವಿವರವನ್ನು, ಇಲ್ಲಿ ಕಳೆದುಕೊಳ್ಳುವುದು ಮುಖವನ್ನೇ. ನನ್ನ ಮಟ್ಟಿಗೆ ಮಸುಕು ಮುತ್ಯಾನೇ ವಾಸಿ.

ಊರಿಗೇ ಸೇರಿದ ಮುಖಗಳ ವಿಷಯದಲ್ಲಿ ಈ ಎಚ್ಚರ ಇನ್ನೂ ಬೇಕು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು. ಅಂಥವರ ಹಳೆಯ ಕಪ್ಪು-ಬಿಳುಪು ಚಿತ್ರವೊಂದು ಫ್ಲೆಕ್ಸಿನಿಂದ ಮೊಬೈಲಿಗೆ, ಮೊಬೈಲಿನಿಂದ ಕರಪತ್ರಕ್ಕೆ, ಕರಪತ್ರದಿಂದ ಮತ್ತೆ ಫ್ಲೆಕ್ಸಿಗೆ ಓಡಾಡಿದರೆ ಪ್ರತಿ ಸುತ್ತಿನಲ್ಲೂ ಜೆಪೆಗ್ ಒಂದಿಷ್ಟು ಕಿತ್ತುಕೊಳ್ಳುತ್ತದೆ. ಅಚ್ಚಾದ ಚಿತ್ರವನ್ನು ಸ್ಕ್ಯಾನ್ ಮಾಡಿದರೆ ಅಚ್ಚಿನ ಚುಕ್ಕಿಗಳೂ ಸ್ಕ್ಯಾನರಿನ ಸಾಲುಗಳೂ ಢಿಕ್ಕಿಯಾಗಿ ಬಟ್ಟೆಯ ಮಡಿಕೆಯಂಥ ಪಟ್ಟೆಗಳು ಏಳುತ್ತವೆ. ಗುಲಾಮ್ ಯಾಜ್ದಾನಿಯವರು 1947ರಲ್ಲಿ ಹೊರತಂದ ಬೀದರ್ ಸ್ಮಾರಕಗಳ ಬೃಹತ್ ಗ್ರಂಥದಂಥ ಹಳೆಯ ಪುಸ್ತಕದಿಂದ ಕೋಟೆಯ ಚಿತ್ರ ತೆಗೆಯಹೊರಟರೂ ಇದೇ ಗೋಳು. ಸ್ಕ್ಯಾನರಿನಲ್ಲಿ ‘ಡಿಸ್ಕ್ರೀನ್’ ಎಂಬ ಆಯ್ಕೆ ಇರುವುದು ಇದಕ್ಕಾಗಿ. ಮಠವೋ ಶಾಲೆಯೋ ಮೂಲ ಫೋಟೋವನ್ನು ಒಂದೇ ಸಲ ಚೆನ್ನಾಗಿ ಸ್ಕ್ಯಾನ್ ಮಾಡಿಸಿ ಟಿಫ್ ರೂಪದಲ್ಲಿ ಇಟ್ಟುಕೊಂಡರೆ ಮುಂದಿನ ತಲೆಮಾರಿನ ಫ್ಲೆಕ್ಸ್‌ಗಳೂ ಬದುಕಿಕೊಂಡಾವು.

ಇಪ್ಪತ್ತು ಅಡಿ ದೂರದ ನಾಯಕರು

ಬೀದರ್‌ನ ಅಂಬೇಡ್ಕರ್ ವೃತ್ತದಲ್ಲಿ ನಿಂತರೆ ಫ್ಲೆಕ್ಸಿಗೆ ಋತುಮಾನವಿಲ್ಲ. ಏಪ್ರಿಲ್ ಬಂತೆಂದರೆ ಅಂಬೇಡ್ಕರ್ ಜಯಂತಿ, ಅದರ ಹಿಂದೆಯೇ ಬಸವ ಜಯಂತಿ. ನಡುವೆ ಹುಟ್ಟುಹಬ್ಬ, ಉರುಸು, ಜಾತ್ರೆ. ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದ್ದು 2016ರ ಮಾರ್ಚ್‌ನಲ್ಲಿ. ಆ ಸುದ್ದಿಯನ್ನು ಯಾರಾದರೂ ಫ್ಲೆಕ್ಸಿನಲ್ಲಿ ಹಾಕಿಸಿದ್ದರೆ ಎಲ್ಲರಿಗೂ ತಿಳಿಯುತ್ತಿತ್ತೇನೋ.

‘300 ಡಿಪಿಐ ಮಾಡಿ ಕೊಡ್ರಿ’ ಎನ್ನುವವರು ಇಲ್ಲಿ ಬಹಳ. ಹತ್ತು ಅಡಿ ಅಗಲ, ಆರು ಅಡಿ ಎತ್ತರದ ಬ್ಯಾನರಿಗೆ 300 ಡಿಪಿಐ ಎಂದರೆ 36,000×21,600 ಪಿಕ್ಸೆಲ್, ಒಟ್ಟು 77 ಕೋಟಿಗೂ ಮೇಲೆ. ನಾಲ್ಕು ಶಾಯಿಯ ಲೆಕ್ಕದಲ್ಲಿ ಫೈಲು ಮೂರು ಜಿಬಿ ಮುಟ್ಟುತ್ತದೆ. ಅಂಗಡಿಯ ಕಂಪ್ಯೂಟರು ಅಲ್ಲೇ ಕೂತುಬಿಡುತ್ತದೆ.

ಅಷ್ಟು ಬೇಕಾಗಿಯೂ ಇಲ್ಲ. 300 ಎಂಬ ಸಂಖ್ಯೆ ನಿಲ್ಲುವುದು ಕಣ್ಣಿನ ಮಿತಿಯ ಹತ್ತಿರ. ಒಳ್ಳೆಯ ಕಣ್ಣು ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗದಷ್ಟು ಕೋನವನ್ನು ಬೇರ್ಪಡಿಸಿ ನೋಡಬಲ್ಲದು. ಒಂದು ಅಡಿ ದೂರದಲ್ಲಿ ಹಿಡಿದ ಪುಸ್ತಕದಲ್ಲಿ ಅದು ಇಂಚಿಗೆ ಸುಮಾರು 286 ಚುಕ್ಕಿ. 300 ಎಂಬುದು ಅದಕ್ಕೆ ಹತ್ತಿರದ ದುಂಡು ಸಂಖ್ಯೆ. ರಸ್ತೆಯಲ್ಲಿ ಇಪ್ಪತ್ತು ಅಡಿ ದೂರದಿಂದ ನೋಡಿದರೆ 1.8 ಮಿ.ಮೀ.ಗಿಂತ ಸಣ್ಣ ಚುಕ್ಕಿ ಕಣ್ಣಿಗೆ ಸಿಗುವುದೇ ಇಲ್ಲ, ಅಂದರೆ ಇಂಚಿಗೆ 14 ಸಾಕು. ಫ್ಲೆಕ್ಸ್ ಅಂಗಡಿಗಳು 72ಕ್ಕೆ ನಿಲ್ಲುವುದು ಉದಾರವಾಗಿಯೇ ಇದೆ.

ಹಾಗಾದರೆ ವಾಟ್ಸ್‌ಆ್ಯಪ್‌ನಿಂದ ಬಂದ ಫೋಟೋ ಯಾಕೆ ಕೆಡುತ್ತದೆ? ಮಾಮೂಲಿಯಾಗಿ ಕಳಿಸಿದ ಚಿತ್ರವನ್ನು ಅದು ಉದ್ದದ ಬದಿಗೆ ಸುಮಾರು 1600 ಪಿಕ್ಸೆಲ್‌ಗೆ ಇಳಿಸುತ್ತದೆ. ಹತ್ತು ಅಡಿಗೆ ಹರಡಿದರೆ ಇಂಚಿಗೆ 13. ಬರೀ ಲೆಕ್ಕದಲ್ಲಿ ಗಡಿಯ ಮೇಲಿದೆ. ಆದರೆ ಜೆಪೆಗ್‌ನ 8×8 ಚೌಕವೂ ಅದರ ಜೊತೆಗೇ ಹಿಗ್ಗಿ ಒಂದೂವರೆ ಸೆಂಟಿಮೀಟರಿನ ಹೆಂಚಾಗುತ್ತದೆ. ನಾಯಕರ ಕೆನ್ನೆ ತುಂಬ ಹೆಂಚು. ಫೋಟೋವನ್ನು ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಅದು ಕುಗ್ಗದೆ ಬರುತ್ತದೆ. ಜಿಲ್ಲೆಯ ವರದಿಗಾರರಿಗೆ ಪತ್ರಿಕೆಯ ಡೆಸ್ಕು ಗಂಟಲು ಹರಿದುಕೊಂಡು ಹೇಳುವುದೂ ಇದನ್ನೇ.

ಇನ್ನು ಫೈಲಿನ ಮೇಲೆ 72 ಅಳಿಸಿ 300 ಎಂದು ಬರೆಯುವ ಚಾಳಿ. ಪಿಕ್ಸೆಲ್ ಬದಲಾಗದೆ ಆ ಸಂಖ್ಯೆಯನ್ನಷ್ಟೇ ತಿದ್ದಿದರೆ ಏನೂ ಆಗುವುದಿಲ್ಲ. ಕೇಳಿದವರಿಗೆ ಸಮಾಧಾನ, ಮಾಡಿದವರಿಗೆ ಕಾಸು.

ಬಣ್ಣದ ಜಗಳ ಅದಕ್ಕಿಂತ ದೊಡ್ಡದು. ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ, ಕೆಂಪು-ಹಸಿರು-ನೀಲಿ. ಅಚ್ಚು ಶಾಯಿಯಿಂದ ಮಾಡುತ್ತದೆ, ಸಯಾನ್-ಮೆಜೆಂಟಾ-ಹಳದಿ-ಕಪ್ಪು. ಕನ್ನಡ ಬಾವುಟದ ಹಳದಿ-ಕೆಂಪು ಶಾಯಿಯಲ್ಲೂ ಸಲೀಸಾಗಿ ಬರುತ್ತದೆ. ಅಂಬೇಡ್ಕರ್ ಜಯಂತಿಯ ನೀಲಿ ಹಾಗಲ್ಲ. ಮೊಬೈಲಲ್ಲಿ ಝಗ್ಗೆನ್ನುವ ಆ ನೀಲಿಯನ್ನು ಕಂಪ್ಯೂಟರು ತಾನೇ ಶಾಯಿಗೆ ಬದಲಿಸಿದರೆ ಮೆಜೆಂಟಾ ಹೆಚ್ಚಾಗಿ ನೇರಳೆಗೆ ತಿರುಗುತ್ತದೆ. ಅನುಭವಸ್ಥ ಆಪರೇಟರ್ ಮೊದಲೇ ಮೆಜೆಂಟಾ ಇಳಿಸಿ, ಸಯಾನ್ ತುಂಬಿಟ್ಟಿರುತ್ತಾನೆ. ಉರುಸಿನ ಹಸಿರಿಗೂ ಅವನ ಬಳಿ ಬೇರೆ ಲೆಕ್ಕವಿದೆ.

ಮೂರು ಲಿಪಿಯ ಊರಿದು. ಒಂದೇ ಬ್ಯಾನರಿನಲ್ಲಿ ಕನ್ನಡ, ಉರ್ದು, ಮರಾಠಿ. ಉರ್ದುವನ್ನು ಇನ್‌ಪೇಜ್‌ನಲ್ಲಿ ಜೋಡಿಸಿ, ಕನ್ನಡವನ್ನು ನುಡಿಯಲ್ಲಿ ಹೊಡೆದು, ಎಲ್ಲವನ್ನೂ ಕೋರೆಲ್‌ಡ್ರಾದಲ್ಲಿ ಸೇರಿಸುತ್ತಾರೆ. ಇನ್ನೊಂದು ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಕ್ಷರವೆಲ್ಲ ಕಲಸುಮೇಲೋಗರ. ಅದಕ್ಕೇ ಪ್ರಿಂಟಿಗೆ ಹೋಗುವ ಮುನ್ನ ‘ಕರ್ವ್ ಮಾಡು’ ಎಂಬ ಆಜ್ಞೆ. ಅಕ್ಷರಗಳು ಗೆರೆಗಳಾಗಿಬಿಡುತ್ತವೆ, ಎಷ್ಟು ಹಿಗ್ಗಿಸಿದರೂ ಅಂಚು ಹರಿಯುವುದಿಲ್ಲ. ಅದರ ಬದಲು ಜೆಪೆಗ್ ಮಾಡಿ ಕಳಿಸಿದರೆ ಹೆಸರೇ ಮೊದಲು ಮಸುಕಾಗುತ್ತದೆ, ಹೆಸರಿಗಾಗಿಯೇ ಹಾಕಿಸುವ ಫ್ಲೆಕ್ಸಿನಲ್ಲಿ!

> ಕೈಯಳತೆ
>
> ಪಾಸ್‌ಪೋರ್ಟ್ ಫೋಟೋ ಪ್ರಿಂಟ್ (35×45 ಮಿ.ಮೀ.): 413×531 ಪಿಕ್ಸೆಲ್. 4×6 ಇಂಚಿನ ಹಾಳೆಯಲ್ಲಿ ಎಂಟು.
>
> ಎ4 ಪುಟ ತುಂಬ: 2480×3508.
>
> 10×6 ಅಡಿ ಫ್ಲೆಕ್ಸ್: 72 ಡಿಪಿಐ ಲೆಕ್ಕಕ್ಕೆ 8640×5184.
>
> ದಿನಪತ್ರಿಕೆಯ ಕಾಗದ: ಅಚ್ಚಾಗುವ ಅಳತೆಗೆ 200 ಡಿಪಿಐ. ನಯವಾದ ಕಾಗದದ ಮ್ಯಾಗಜಿನ್‌ಗೆ 300.
>
> ವೆಬ್: ಡಿಪಿಐ ಮರೆತುಬಿಡಿ. ಪಿಕ್ಸೆಲ್ ಮಾತ್ರ ಲೆಕ್ಕ, ಬಣ್ಣ ಎಸ್‌ಆರ್‌ಜಿಬಿ.
>
> ಗೂಗಲ್‌ನಿಂದ ಇಳಿಸಿದ ಚಿತ್ರ ತೆರೆಯುತ್ತಿಲ್ಲವೇ? ಅದು ವೆಬ್‌ಪಿ ಇರಬಹುದು. ಗೂಗಲ್ 2010ರಲ್ಲಿ ತಂದ ಈ ಬಗೆ ಹಳೆಯ ಸಾಫ್ಟ್‌ವೇರ್‌ಗಳಿಗೆ ಗೊತ್ತಿಲ್ಲ.

ಕಪ್ಪು ಹೂಜಿ, ಬೆಳ್ಳಿ ಎಳೆ

ಫೋಟೋಗೆ ಸುಲಭವಾಗಿ ಒಲಿಯದ ವಸ್ತು ಯಾವುದೆಂದು ಕೇಳಿದರೆ ಬೀದರ್‌ನವರು ತಮ್ಮ ಊರಿನ ಹೆಸರನ್ನೇ ಹೇಳಬಹುದು. ಸತುವಿಗೆ ಒಂದಿಷ್ಟು ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣಿನಲ್ಲಿ ಕಪ್ಪು ಹಿಡಿಸುವ ಬಿದ್ರಿ. 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲೆ. ಕುಶಲಕರ್ಮಿ ಶಾಹ್ ರಶೀದ್ ಅಹಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಹೊರಗಿನವರ ಕುತೂಹಲವೂ ಕೆರಳಿತು. ಆ ಕುತೂಹಲ ಕೊಳ್ಳುವಿಕೆಯಾಗಬೇಕಾದರೆ ದಾರಿ ಈಗ ಮೊಬೈಲ್ ಪರದೆಯ ಮೇಲಿದೆ.

ತೊಂದರೆ ಕ್ಯಾಮೆರಾದಿಂದಲೇ ಶುರು. ಎದುರಿಗಿರುವುದನ್ನೆಲ್ಲ ಸರಾಸರಿ ಬೂದು ಬಣ್ಣಕ್ಕೆ ತರಲು ಮೊಬೈಲ್ ಹವಣಿಸುತ್ತದೆ. ಕಪ್ಪು ಹೂಜಿಯೊಂದೇ ಚೌಕಟ್ಟು ತುಂಬಿದರೆ ಬೆಳಕು ಏರಿಸಿಬಿಡುತ್ತದೆ. ಬಿದ್ರಿಯ ಪ್ರಾಣವಾದ ಆ ಗಾಢ ಕಪ್ಪು ಸಿಮೆಂಟಿನ ಬಣ್ಣಕ್ಕೆ ಇಳಿಯುತ್ತದೆ, ಬೆಳ್ಳಿ ಬರೀ ಬಿಳಿ ಗೀಟಾಗುತ್ತದೆ. ಪರದೆಯ ಮೇಲೆ ಬೆರಳಿಟ್ಟು ಬೆಳಕನ್ನು ಕೆಳಗೆ ಎಳೆಯಬೇಕು. ನೇರ ಬಿಸಿಲು ಬೇಡ. ಕಿಟಕಿಗೆ ತೆಳು ಬಿಳಿ ಬಟ್ಟೆ ಕಟ್ಟಿದರೆ ಹೊಳಪು ಹದಕ್ಕೆ ಬರುತ್ತದೆ.

ಕುಗ್ಗಿಸುವಾಗ ಎರಡನೆಯ ಪೆಟ್ಟು. ಒಂದು ಗೇಣಿಗಿಂತ ತುಸು ಎತ್ತರದ, 25 ಸೆಂ.ಮೀ. ಹೂಜಿಯ ಮೇಲೆ ಅರ್ಧ ಮಿ.ಮೀ. ತಂತಿಯಿದೆ ಎಂದಿಟ್ಟುಕೊಳ್ಳಿ. ಚಿತ್ರದಲ್ಲಿ ಹೂಜಿ 1000 ಪಿಕ್ಸೆಲ್ ಎತ್ತರವಿದ್ದರೆ ತಂತಿಗೆ ಎರಡು ಪಿಕ್ಸೆಲ್ ಸಿಗುತ್ತದೆ, ಎಳೆ ಎಳೆಯಾಗಿ ಕಾಣುತ್ತದೆ. ಅಂಗಡಿಯ ಪಟ್ಟಿಯಲ್ಲಿ ಬರುವ 300 ಪಿಕ್ಸೆಲ್‌ನ ಪುಟ್ಟ ಚಿತ್ರದಲ್ಲಿ ಅದೇ ತಂತಿಗೆ ದಕ್ಕುವುದು ಅರ್ಧ ಪಿಕ್ಸೆಲ್ ಚಿಲ್ಲರೆ. ಬೆಳ್ಳಿಯೂ ಕಪ್ಪೂ ಕಲಸಿ ಬೂದಿಯಾಗುತ್ತದೆ. ಕುಶಲಕರ್ಮಿ ವಾರಗಟ್ಟಲೆ ಬಾಗಿ ಕೂತು ಕೂರಿಸಿದ ಎಳೆಯನ್ನು ಸಾಫ್ಟ್‌ವೇರು ಅರೆಗಳಿಗೆಯಲ್ಲಿ ಒರೆಸಿ ಹಾಕುತ್ತದೆ. ಜೆಪೆಗ್ ಕ್ವಾಲಿಟಿಯನ್ನೂ ಇಳಿಸಿದರಂತೂ ಪ್ರತಿ ಎಳೆಯ ಸುತ್ತ ನುಸಿ ಮುತ್ತಿದಂಥ ಕಲೆಗಳು. ನಾಸಿರ್ ಅಹಮದರ ಗಣಿತಕ್ಕೆ ಮುಖವೆಂದರೆ ಪ್ರೀತಿ, ಕಪ್ಪಿನ ಮೇಲಿನ ಚೂಪು ಬಿಳಿ ಗೆರೆಯೆಂದರೆ ಸಂಕಟ.

ಆದ್ದರಿಂದ ಪುಟ್ಟ ಚಿತ್ರಕ್ಕೆ ಇಡೀ ಹೂಜಿಯನ್ನು ಕುಗ್ಗಿಸುವುದಕ್ಕಿಂತ ಅದರ ಕೊರಳನ್ನೋ ಒಂದು ಹೂಬಳ್ಳಿಯನ್ನೋ ಹತ್ತಿರದಿಂದ ತೆಗೆದು ಹಾಕುವುದು ಲೇಸು. ಕುಗ್ಗಿಸಿದ ಮೇಲೆ ಒಂದು ಹಿಡಿ ಶಾರ್ಪನ್ ಮಾಡಬೇಕು, ಮೊದಲಲ್ಲ. ಅಮೆಜಾನ್‌ನಂಥ ಕಡೆ ಮುಖ್ಯ ಚಿತ್ರಕ್ಕೆ ಅಪ್ಪಟ ಬಿಳಿ ಹಿನ್ನೆಲೆ ಬೇಕು, ವಸ್ತು ಚೌಕಟ್ಟಿನ ಶೇ 85 ತುಂಬಿರಬೇಕು, ಜೂಮ್ ಆಗಬೇಕಾದರೆ ಉದ್ದದ ಬದಿ 1000 ಪಿಕ್ಸೆಲ್ ದಾಟಿರಬೇಕು. ಕಪ್ಪು ವಸ್ತುವಿಗೆ ಅಪ್ಪಟ ಬಿಳಿ ಹಿನ್ನೆಲೆ ಕಣ್ಣಿಗೆ ಹೊಡೆಯುತ್ತದೆ, ನಿಜ. ಎರಡನೆಯ ಚಿತ್ರದಲ್ಲಿ ಬೀದರ್‌ನ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲಿಟ್ಟು ತೆಗೆಯಲು ಯಾರ ಅಡ್ಡಿಯೂ ಇಲ್ಲ.

ಡೆಸ್ಕ್‌ಟಾಪ್ ಮೇಲಿನ ಊರು

ಸೈಜ್ ಮಾಡಿಸಿ ಎದ್ದು ಬರುವಾಗ ಹಿಂದೆ ಏನು ಬಿಟ್ಟು ಬರುತ್ತೀರಿ? ಅಂಗಡಿಯ ಕಂಪ್ಯೂಟರಿನ ಡೆಸ್ಕ್‌ಟಾಪ್ ನೋಡಿ. ಆಧಾರ್, ಸಹಿ, ಹೆಬ್ಬೆಟ್ಟು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ. ಅರ್ಧ ಊರೇ ಅಲ್ಲಿ ಕೂತಿರುತ್ತದೆ. ಅಂಗಡಿಯವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ, ನಾಳೆ ಮತ್ತೆ ಬಂದರೆ ಬೇಕಾದೀತೆಂದು ಇಟ್ಟಿರುತ್ತಾನೆ. ಆದರೆ ಆ ಪೆನ್‌ಡ್ರೈವ್, ಆ ಕಂಪ್ಯೂಟರು ಯಾರ ಕೈಯಲ್ಲೆಲ್ಲ ಓಡಾಡುತ್ತದೆ ಎಂಬುದಕ್ಕೆ ಅವನೂ ಜವಾಬು ಹೇಳಲಾರ. ಉಚಿತವಾಗಿ ಕೆಬಿ ಇಳಿಸಿಕೊಡುವ ವೆಬ್‌ಸೈಟುಗಳೂ ಅಷ್ಟೇ, ಫೈಲು ಯಾವ ದೇಶದ ಸರ್ವರಿಗೆ ಹೋಯಿತೋ ದೇವರೇ ಬಲ್ಲ.

ಫೋಟೋ ಕುಗ್ಗಿಸುವುದಕ್ಕೆ ಅಂತರ್ಜಾಲ ಬೇಕಾಗಿಯೇ ಇಲ್ಲ. ವಿಂಡೋಸ್‌ನ ಹಳೆಯ ಪೇಂಟ್‌ನಲ್ಲೂ ಕ್ರಾಪ್, ರಿಸೈಜ್ ಇದೆ. ಜಿಂಪ್ ಎಂಬ ಉಚಿತ ಸಾಫ್ಟ್‌ವೇರ್ ಜೆಪೆಗ್ ಉಳಿಸುವಾಗ ಎಷ್ಟು ಕೆಬಿ ಆಗುತ್ತದೆಂದು ಮೊದಲೇ ತೋರಿಸುತ್ತದೆ. ಆ ಪುಟ್ಟ ಸೌಲಭ್ಯ ಗೊತ್ತಿದ್ದರೆ ಹದಿನಾಲ್ಕು-ಐವತ್ತೊಂದರ ನಡುವಿನ ಜೋಕಾಲಿ ತಪ್ಪುತ್ತದೆ.

ಅಂಗಡಿಯಲ್ಲೇ ಮಾಡಿಸಿದಿರೋ, ದುಡ್ಡು ಕೊಡುವ ಮುನ್ನ ‘ಅಣ್ಣಾ, ನಂದೆಲ್ಲ ಡಿಲೀಟ್ ಮಾಡ್ರಿ’ ಎಂದು ಹೇಳಿ. ಮಾಡಿದ ಮೇಲೆ ರೀಸೈಕಲ್ ಬಿನ್ನೂ ಖಾಲಿ ಮಾಡಿಸಿ. ಮೂಲ ಫೋಟೋ ಮಾತ್ರ ನಿಮ್ಮ ಫೋನಿನಲ್ಲಿ ಹಾಗೇ ಇರಲಿ, ಬರುವ ತಿಂಗಳು ಇನ್ನೊಂದು ಅರ್ಜಿ ಇನ್ನೊಂದು ಅಳತೆ ಕೇಳುತ್ತದೆ.